ಕರೆಯದೆ ಹೋಗುವ ಮನೆ

ಬೆರ್ಗನ್, ೨೮ ಏಪ್ರಿಲ್ ೧೯೭೮

ಪ್ರೀತಿಯ ಹನ್ಸೀನಾ ಅಕ್ಕನಿಗೆ,

ಕ್ರಿಸ್‌ಮಸ್ ಕಾರ್ಡು ಬಿಟ್ಟು ಬೇರೇನನ್ನಾದರೂ ನಿನಗೆ ಬರೆದು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಲು ಹೋಗುವುದಿಲ್ಲ. ಹಾಕಿದರೆ ಇಬ್ಬರಿಗೂ ನಾಚಿಕೆ. ವಿಷಯಕ್ಕೆ ಬರುತ್ತೇನೆ. ಬರುವ ಜೂನ್‌ನಲ್ಲಿ ನಾವು ಮೂವರು ಗೆಳತಿಯರು ಕರಾವಳಿ ಹಡಗು ಹತ್ತಿ ಉತ್ತರದ ತುದಿಯವರೆಗೆ ಹೋಗಿ ಬರುವವರಿದ್ದೇವೆ. ಒಬ್ಬಳು ಬೋರ್ಗಿಲ್ಡ್, ಡಾಕ್ಟರರ ವಿಧವೆ, ನಿದ್ದೆಯಲ್ಲೂ ಮಾತಾಡುವವಳು. ಇನ್ನೊಬ್ಬಳು ಡಾಗ್ನಿ, ನಮ್ಮ ಕೆಳಮನೆಯವಳು, ಎಲ್ಲಿಗೆ ಹೋದರೂ ಚೀಲದಲ್ಲಿ ಬ್ರೆಡ್ಡು ಕಟ್ಟಿಕೊಂಡೇ ಹೊರಡುವವಳು. ಗಂಡ ಅರ್ನೆ ತೀರಿಕೊಂಡ ಮೇಲೆ ನಾನು ಮನೆಬಿಟ್ಟು ಹೊರಟಿದ್ದೇ ಇಲ್ಲ. ಇವರಿಬ್ಬರೂ ಸೇರಿ ಎಳೆದರು, ಒಪ್ಪಿದೆ.

ಜೂನ್ ಎಂಟು, ಗುರುವಾರ ಮಧ್ಯಾಹ್ನ ಹಡಗು ಸ್ಟೈನ್‌ವಾಗ್‌ನಲ್ಲಿ ನಿಲ್ಲುತ್ತದೆ. ಸರಕು ಇಳಿಸಿ ಹತ್ತಿಸುವವರೆಗೆ ನಾಲ್ಕು ಗಂಟೆ ನಮ್ಮದು. ಪ್ರಯಾಣಿಕರಿಗೆ ಊರು ತೋರಿಸಲು ಬಸ್ಸಿನ ಏರ್ಪಾಡಿದೆ: ಒಣಮೀನಿನ ಹಂದರ, ಇಗರ್ಜಿ, ಹದ್ದುಗಳ ಬಂಡೆ. ನನ್ನದೇ ಊರನ್ನು ನನಗೆ ದುಡ್ಡು ತೆಗೆದುಕೊಂಡು ತೋರಿಸುತ್ತಾರಂತೆ ನೋಡು.

ಅಕ್ಕ, ನೇರವಾಗಿಯೇ ಬರೆಯುತ್ತೇನೆ. ನಿನ್ನನ್ನು ನೋಡಬೇಕು ಅನ್ನಿಸಿದೆ. ಅಮ್ಮನ ಮಣ್ಣಿಗೆ ಬಂದಾಗ ನೋಡಿದ್ದೇ ಕೊನೆ. ಆಗಲೂ ನಿನಗೆ ಭಾರವಾಗಬಾರದೆಂದು ನಾವಿಕರ ವಸತಿಗೃಹದಲ್ಲಿ ಉಳಿದು ಎರಡನೆಯ ದಿನವೇ ಹೊರಟುಬಿಟ್ಟೆ. ಈಗಲೂ ನಿನಗೆ ಅನುಕೂಲವಿಲ್ಲದಿದ್ದರೆ ಸಂಕೋಚ ಬೇಡ. ಬಾ ಎಂದು ಒಂದು ಮಾತು ಬರೆದರೆ ಸಾಕು, ಬಸ್ಸಿನ ಟಿಕೆಟ್ಟು ಕೊಳ್ಳುವುದಿಲ್ಲ.

ನಿನ್ನ ತಂಗಿ,
ತೋರುನ್


ಸ್ಟೈನ್‌ವಾಗ್, ೧೪ ಮೇ ೧೯೭೮

ತೋರುನ್,

ಕಾಗದ ಬಂತು. ಇಲ್ಲಿ ಹಿಮ ಇನ್ನೂ ಬಡಗು ಬದಿಯಲ್ಲಿ ಉಳಿದಿದೆ. ಆಲೂಗಡ್ಡೆ ಈ ಸಲ ತಡ. ಕುರಿಗಳು ಮೂರು ಮರಿ ಹಾಕಿವೆ, ಒಂದು ಕಪ್ಪು.

ಪಕ್ಕದ ಮನೆಯ ಎಡ್ವಿನ್ ಬಾವುಟದ ಕಂಬಕ್ಕೆ ಬಿಳಿ ಬಣ್ಣ ಹೊಡೆದುಕೊಟ್ಟ. ಅಮ್ಮನ ಕಾಲದ ಬಾವುಟವನ್ನು ನುಸಿ ತಿಂದಿತ್ತು, ಅಂಗಡಿಯಿಂದ ಹೊಸದು ತರಿಸಿದೆ. ಬಾಗಿಲಿಗೂ ಬಣ್ಣ ಆಗಿದೆ. ಬೀಗ ಯಾವತ್ತೂ ಇರಲಿಲ್ಲ, ಈಗಲೂ ಇಲ್ಲ.

ನಾವಿಕರ ವಸತಿಗೃಹ ಹೋದ ವರ್ಷ ಮುಚ್ಚಿತು. ನಿನಗೆ ತಿಳಿಸಬೇಕೆನ್ನಿಸಿತು.

ಮುಲ್ಟೆ ಹಣ್ಣಿನ ಪಾಕ ಎರಡು ಭರಣಿ ಉಳಿದಿದೆ. ಗಾಳಿ ತೆಂಕಲಿಂದ ಬೀಸಿದರೆ ಜೂನ್ ಎಂಟಕ್ಕೆ ಬಿಸಿಲಿರುತ್ತದೆ.

ಹನ್ಸೀನಾ


ಹಡಗಿನಿಂದ, ೮ ಜೂನ್ ೧೯೭೮, ಸಂಜೆ

ಪ್ರೀತಿಯ ಅಕ್ಕ,

ಎಂಥ ದಿನ ಇವತ್ತು! ಗೆಳತಿಯರಿಬ್ಬರೂ ಮೇಲಿನ ಸಲೂನಿನಲ್ಲಿ ಇಸ್ಪೀಟು ಆಡುತ್ತಿದ್ದಾರೆ. ನಾನು ತಲೆನೋವಿನ ನೆಪ ಹೇಳಿ ಕೋಣೆಗೆ ಬಂದು ನಿನಗೆ ಬರೆಯಲು ಕುಳಿತಿದ್ದೇನೆ. ಮುಂದಿನ ಬಂದರಿನಲ್ಲಿ ಕೊಟ್ಟರೆ ತೆಂಕಲಿಗೆ ಇಳಿಯುವ ಹಡಗು ಇದನ್ನು ನಿನಗೆ ತಲುಪಿಸುತ್ತದೆಯಂತೆ.

ಸ್ಟೈನ್‌ವಾಗ್ ಹತ್ತಿರವಾದಾಗ ನಾನು ಒಬ್ಬಳೇ ಮುಂದಿನ ಕಟಕಟೆಗೆ ಹೋಗಿ ನಿಂತೆ. ಬಂದರಿನಲ್ಲಿ ತಲೆ ಮೇಲೆ ತಲೆ ಬೀಳುವಷ್ಟು ಜನ. ಒಬ್ಬೊಬ್ಬರನ್ನೇ ನೋಡಿದೆ. ನೀನು ಇರಲಿಲ್ಲ. ನಿನಗೆ ಕೆಲಸವಿರುತ್ತದೆ, ಕುರಿಮರಿಗಳಿವೆ, ಗೊತ್ತಿದ್ದದ್ದೇ. ಬೋರ್ಗಿಲ್ಡ್ ಬಂದು ಭುಜ ಹಿಡಿದು, "ಯಾರನ್ನೇ ಹುಡುಕ್ತಿದ್ದೀಯಾ, ಹಳೇ ಗೆಣೆಕಾರನ್ನಾ?" ಎಂದಳು. "ಹೌದು ಕಣೇ, ಹಲ್ಲುಸೆಟ್ಟು ಹಾಕ್ಕೊಂಡಿದ್ದಾನಲ್ಲ, ಗುರುತು ಸಿಕ್ತಾ ಇಲ್ಲ" ಎಂದೆ. ಇಬ್ಬರೂ ನಕ್ಕೆವು. ಬಸ್ಸು ಹತ್ತಿದೆವು.

ಮೊದಲು ಒಣಮೀನಿನ ಹಂದರ. ಅಪ್ಪ ಮೀನು ಕಟ್ಟುತ್ತಿದ್ದ ಸಾಲು ಹಾಗೇ ಇದೆ. ಡಾಗ್ನಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಈ ವಾಸನೇಲೇ ಬೆಳೆದ್ಯಾ ತೋರುನ್? ಅದಕ್ಕೇ ನಿಂಗೆ ನನ್ನ ಅಡುಗೆ ರುಚಿಸೋದು" ಎಂದಳು. ಬೈಯಬೇಕೆಂದುಕೊಂಡೆ. ಅಷ್ಟರಲ್ಲಿ ಆ ವಾಸನೆ ಎದೆಗೆ ಹೊಕ್ಕಿತು, ಅಪ್ಪನ ಸಾಲಿನ ಕಂಬ ಹಿಡಿದು ನಿಂತೆ.

ಆಮೇಲೆ ಇಗರ್ಜಿ. ಅಮ್ಮನ ಸಮಾಧಿಯ ಮುಂದೆ ಹಳದಿ ಹೂವಿನ ಗಿಡ ನೆಟ್ಟಿದ್ದೀಯ. ಮಣ್ಣು ಹೊಸದಾಗಿ ಸಡಿಲಿಸಿದಂತಿತ್ತು. ಪ್ರವಾಸ ತೋರಿಸುವ ಹುಡುಗಿ ಬಣ್ಣದ ಗಾಜಿನ ಬಗ್ಗೆ ಹೇಳುತ್ತಿದ್ದಾಗ ನಾನು ಹೊರಗೆ ಬಂದು ಅಲ್ಲಿ ನಿಂತಿದ್ದೆ. ಬಸ್ಸಿನ ಡ್ರೈವರ್ ಸಿಗರೇಟು ಸೇದುತ್ತಾ ದೂರದಿಂದ ನನ್ನನ್ನೇ ನೋಡುತ್ತಿದ್ದ. ಒಳ್ಳೆಯ ಮನುಷ್ಯನೇ ಇರಬೇಕು, ಆದರೆ ನೋಟ ಒಂಥರಾ.

ಹದ್ದಿನ ಕಥೆ ಕೇಳು. ಬಂಡೆಯ ಕೆಳಗೆ ಮುಕ್ಕಾಲು ಗಂಟೆ ಕತ್ತೆತ್ತಿ ನಿಂತೆವು. ಕೊನೆಗೆ ಬಂದದ್ದು ಒಂದು ಕಾಗೆ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಬೋರ್ಗಿಲ್ಡ್ ಬಿಟ್ಟಾಳೆಯೇ? "ಟಿಕೆಟ್ಟಿಗೆ ಕೊಟ್ಟಿದ್ದು ಹದ್ದಿನ ದುಡ್ಡು, ತೋರ್ಸಿದ್ದು ಕಾಗೆ. ಬಾಕಿ ವಾಪಸ್ ಕೊಡಿ" ಎಂದು ಆ ಹುಡುಗಿಯ ಹಿಂದೆ ಬಿದ್ದಳು. ಇಡೀ ಬಸ್ಸು ನಗುತ್ತಿತ್ತು.

ಬರುವಾಗ ನಮ್ಮ ಮನೆಯ ಮುಂದೆಯೇ ಹಾದು ಬಂದೆವು. ಬಾವುಟ ಏರಿತ್ತು. ಹೊಸದು, ಚೆನ್ನಾಗಿದೆ. ಕಿಟಕಿಯಲ್ಲಿ ಬಿಳಿ ಮೇಜುಬಟ್ಟೆ ಕಂಡಿತು. ಯಾರದೋ ಹುಟ್ಟುಹಬ್ಬ ಇದ್ದಿರಬೇಕು, ನಿನಗೆ ಅತಿಥಿಗಳು. ಡ್ರೈವರ್ ಅದೇಕೋ ಅಲ್ಲಿ ಬಸ್ಸು ನಿಲ್ಲಿಸಿ ಹಾರನ್ ಹೊಡೆದು ಹಿಂದಕ್ಕೆ ತಿರುಗಿದ. "ಇಲ್ಲಿ ಯಾರಾದ್ರೂ ಇಳಿಯೋರಿದ್ದೀರಾ?" ಎಂದ.

ಬೋರ್ಗಿಲ್ಡ್, "ಏನಿದೆ ಇಲ್ಲಿ? ಹದ್ದಾ?" ಎಂದಳು.

"ಹದ್ದಿಲ್ಲಮ್ಮ. ಕಾಫಿ ಇದೆ."

ಮತ್ತೆ ನಗು. ಯಾರೂ ಇಳಿಯಲಿಲ್ಲ. ಬೇರೆಯವರ ಹಬ್ಬದ ಮನೆಗೆ ಪ್ರವಾಸಿಗಳ ಹಿಂಡು ಹೊಕ್ಕರೆ ಹೇಗಿರುತ್ತದೆ ಹೇಳು. ನನಗೂ ಸಮಯ ಸಾಲದು ಅನ್ನಿಸಿತು. ಹಡಗು ಯಾರಿಗೂ ಕಾಯುವುದಿಲ್ಲವಲ್ಲ.

ಒಂದು ಮಾತು ಕೇಳಲೇ? ಮೇ ತಿಂಗಳ ಕಾಗದದಲ್ಲಿ ಅಷ್ಟು ದಪ್ಪದಪ್ಪ ಅಕ್ಷರಗಳಲ್ಲಿ ಬರೆದಿದ್ದೆಯಲ್ಲ, ಸಿಟ್ಟು ಬಂದಿತ್ತೇ? ಚಿಕ್ಕವಳಿದ್ದಾಗ ನನ್ನ ಮೇಲೆ ಮುನಿಸಿಕೊಂಡರೆ ನೀನು ಹಾಗೆಯೇ ಗೋಡೆಯ ಮೇಲೆ ಬರೆಯುತ್ತಿದ್ದೆ. ನಾನು ಅಷ್ಟೊಂದು ದಡ್ಡಿಯಲ್ಲ, ಸಣ್ಣ ಅಕ್ಷರವೂ ಓದಲು ಬರುತ್ತದೆ.

ನಾಳೆ ನಾರ್ತ್ ಕೇಪ್, ಆ ಉತ್ತರದ ತುದಿಯ ಬಂಡೆ. ಅದಕ್ಕಾಗಿಯೇ ಬಂದದ್ದು ಎಂದು ಗೆಳತಿಯರಿಬ್ಬರೂ ಜಪ ಮಾಡುತ್ತಿದ್ದಾರೆ. ನಿನ್ನ ಆರೋಗ್ಯ ಜೋಪಾನ.

ತೋರುನ್


ಸ್ಟೈನ್‌ವಾಗ್, ೮ ಜೂನ್ ೧೯೭೮

ತೋರುನ್,

ಹಡಗು ಇನ್ನೂ ಬಂದರಿನಲ್ಲಿದೆ. ಎಡ್ವಿನ್ ಬಾಗಿಲಲ್ಲಿ ಕಾಯುತ್ತಿದ್ದಾನೆ. ಇದನ್ನು ಅವನು ಹಡಗಿನ ಅಂಚೆಯವನ ಕೈಗೆ ಕೊಡುತ್ತಾನೆ. ಬೇಗ ಬರೆಯಬೇಕು, ಬೇಗ ಬರೆಯಲು ನನಗೆ ಈಗ ಆಗುವುದಿಲ್ಲ.

ಅವನೇ ನಿಮ್ಮ ಬಸ್ಸಿನ ಡ್ರೈವರ್. ಬೇಸಿಗೆಯಲ್ಲಿ ಆ ಕೆಲಸ ಮಾಡುತ್ತಾನೆ. ಒಳಗೆ ಬಂದವನು ಟೋಪಿ ತೆಗೆದು ಹೇಳಿದ್ದು ಇಷ್ಟು: "ಗಾಡಿ ನಿಲ್ಸಿದೆ ಹನ್ಸೀನಾ. ಹಾರನ್ ಹೊಡ್ದೆ. ಕಾಫಿ ಇದೆ ಅಂತಾನೂ ಕೂಗಿ ಹೇಳ್ದೆ. ನಿನ್ ತಂಗಿ ಆಚೆ ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತ್ಲು. ಇನ್ನೇನ್ ಮಾಡ್ಲಿ, ಹೊತ್ಕೊಂಡ್ ಬರ್ಲಾ?"

ಬಾವುಟ ಯಾರಿಗೆ ಏರಿಸಿದ್ದೆ ಅಂದುಕೊಂಡೆ? ರಾಜನಿಗಾ? ಬೆಳಿಗ್ಗೆ ಎಂಟಕ್ಕೆ ಏರಿಸಿದೆ. ಕೆನೆ ಕೇಕು ಮಾಡಿದೆ, ಲೆಫ್ಸೆ ರೊಟ್ಟಿ ಬೇಯಿಸಿದೆ, ಅಮ್ಮನ ಬಟ್ಟಲುಗಳನ್ನು ಇಳಿಸಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಕಾದೆ. ನೀನು ಬಂದೆ, ನೋಡಿದೆ, ಹೋದೆ.

ಬಾ ಎಂದು ನಾನು ಬರೆಯಲಿಲ್ಲ, ಅದಕ್ಕೇ ಇಳಿಯಲಿಲ್ಲ ಅನ್ನುವೆ. ಈ ಊರಿನಲ್ಲಿ ಯಾರು ಯಾರನ್ನು ಬಾ ಎಂದು ಬರೆದು ಕರೆಯುತ್ತಾರೆ? ಪಾದ್ರಿಯನ್ನು ಕರೆಯುತ್ತಾರೆ, ತೆರಿಗೆಯವನನ್ನು ಕರೆಯುತ್ತಾರೆ. ಮನೆಯವರು ಬಾಗಿಲು ದೂಡಿಕೊಂಡು ಬರುತ್ತಾರೆ. ಹುಟ್ಟಿದ ಮನೆಗೆ ಕರೆಯೋಲೆ ಕೇಳುವವಳು ನೀನೊಬ್ಬಳೇ. ಅಮ್ಮ ಸತ್ತಾಗಲೂ ನಿನ್ನ ಹಾಸಿಗೆ ಹಾಸಿಟ್ಟಿದ್ದೆ. ನೀನು ದುಡ್ಡು ಕೊಟ್ಟು ಪರರ ಮಂಚದಲ್ಲಿ ಮಲಗಿದೆ. ನಾವಿಬ್ಬರು ಜಗಳವಾಡಿದ್ದೇವೆಂದು ಊರೆಲ್ಲ ಆಡಿಕೊಂಡಿತು. ನಾನೂ ಹಾಗೆಯೇ ಅಂದುಕೊಂಡೆ.

ಬಂದರಿಗೆ ಯಾಕೆ ಬರಲಿಲ್ಲ ಎಂದು ಕೇಳುವೆ. ಹೇಳಬಾರದೆಂದಿದ್ದೆ. ನನ್ನ ಕಣ್ಣು ಹೋಗುತ್ತಿದೆ. ಮುಖಗಳು ಈಗ ಹರಿಯುವ ನೀರಿನೊಳಗೆ ಕಂಡಂತೆ ಕಾಣುತ್ತವೆ, ತೀರ ಹತ್ತಿರ ಬಂದರೆ ಮಾತ್ರ ನಿಲ್ಲುತ್ತವೆ. ಇನ್ನೊಂದು ಚಳಿಗಾಲ ಕಳೆಯುವುದರೊಳಗೆ ಅದೂ ಇಲ್ಲ ಎಂದು ಟ್ರೋಮ್ಸೆಯ ಡಾಕ್ಟರು ಹೇಳಿದ್ದಾರೆ. ಊರೆಲ್ಲ ನೆರೆದಿರುವಾಗ ತಂಗಿಯನ್ನು ಬಿಟ್ಟು ಪಕ್ಕದವಳನ್ನು ತಬ್ಬಿಕೊಂಡರೆ? ಅದಕ್ಕೆ ಬರಲಿಲ್ಲ. ಮನೆಯಲ್ಲಿ, ಕಿಟಕಿಯ ಬೆಳಕಿನಲ್ಲಿ ಕೂರಿಸಿ ನೋಡೋಣ ಎಂದಿದ್ದೆ. ವಯಸ್ಸಾದ ಮೇಲೆ ನಿನಗೆ ಅಮ್ಮನ ಮೂಗು ಬಂದಿದೆಯೇ ಎಂದು ತಿಳಿಯಬೇಕಿತ್ತು.

ಎಡ್ವಿನ್ ಗಡಿಬಿಡಿ ಮಾಡುತ್ತಿದ್ದಾನೆ. ಕೇಕನ್ನು ಅವನ ಮಕ್ಕಳಿಗೆ ಕೊಟ್ಟೆ.

ಹನ್ಸೀನಾ


ಹ್ಯಾಮರ್‌ಫೆಸ್ಟ್ ಬಂದರು, ೯ ಜೂನ್ ೧೯೭೮

ಅಕ್ಕ,

ಬೆಳಗಿನ ತಿಂಡಿಯ ಹೊತ್ತಿಗೆ ಹಡಗಿನ ಅಂಚೆಯವನು ನಿನ್ನ ಕಾಗದ ತಂದು ತಟ್ಟೆಯ ಪಕ್ಕದಲ್ಲಿ ಇಟ್ಟ. ನಿಂತೇ ಓದಿದೆ. ಆಮೇಲೆ ಕೂತೆ. ನಿನ್ನೆ ಸಂಜೆ ನಾನು ಬರೆದದ್ದು ಆಗಲೇ ಅಂಚೆಗೆ ಹೋಗಿದೆ, ಹಿಂದಕ್ಕೆ ಕರೆಯುವಂತಿಲ್ಲ. ಅದರಲ್ಲಿ ನಿನ್ನ ದಪ್ಪ ಅಕ್ಷರಗಳನ್ನು ಹಂಗಿಸಿದ್ದೇನೆ. ಹರಿದು ಒಲೆಗೆ ಹಾಕು, ಯಾರ ಕೈಯಲ್ಲೂ ಓದಿಸಬೇಡ.

ಮನೆಯ ಮುಂದೆ ಬಸ್ಸು ನಿಂತಾಗ ನನಗೆ ಸಮಯವಿತ್ತು. ಒಂದೂವರೆ ಗಂಟೆ ಇತ್ತು. ಹೊಟ್ಟೆ ಉರಿದುಹೋಗಿತ್ತು, ಅಷ್ಟೇ. ಇವಳಿಗೆ ಊರೆಲ್ಲ ಬೇಕು, ನಾನೊಬ್ಬಳು ಬೇಡ, ನಾನು ಬರುವ ದಿನವೇ ಬೇರೆಯವರಿಗೆ ಹಬ್ಬ ಮಾಡುತ್ತಿದ್ದಾಳೆ ಅಂದುಕೊಂಡೆ. ಬೆರ್ಗನ್‌ನಲ್ಲಿ ಅಕ್ಕತಂಗಿಯರೂ ಭಾನುವಾರದ ಊಟಕ್ಕೆ ಬುಧವಾರವೇ ಹೇಳಿ ಕಳಿಸಬೇಕು. ಹೇಳದೆ ಹೋದರೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಾರೆ. ಅಲ್ಲಿಗೆ ಹೋದ ಹೊಸತರಲ್ಲಿ ನಾನೂ ಕರೆಯದೆ ಒಂದು ಮನೆಗೆ ಹೋಗಿದ್ದೆ. ಆ ಹೆಂಗಸು ಬಾಗಿಲ ಸಂದಿನಿಂದ ನೋಡಿದ ನೋಟ ಈಗಲೂ ನೆನಪಿದೆ. ಅವತ್ತು ಕಲಿತ ಪಾಠ ನೋಡು ಅಕ್ಕ, ಹುಟ್ಟಿದ ಮನೆಯ ಮುಂದೆಯೂ ಕಾಲನ್ನು ಹಿಡಿದಿಟ್ಟಿತು.

ಗೆಳತಿಯರಿಗೆ ಹೇಳಿದೆ. ಇಳಿದುಬಿಡುತ್ತೇನೆ, ತೆಂಕಲಿಗೆ ಹೋಗುವ ಹಡಗು ಇವತ್ತೇ ಬರುತ್ತದೆ ಎಂದೆ.

ಡಾಗ್ನಿ, "ನಾರ್ತ್ ಕೇಪ್ ಇನ್ನು ಕೆಲವೇ ಗಂಟೆ ಕಣೇ! ಅಲ್ಲಿಂದ ಬಂದ್ಮೇಲೆ ಅದೇ ದಾರೀಲಿ ವಾಪಸ್ ಹೋಗ್ತೀವಲ್ಲ" ಎಂದಳು.

"ವಾಪಸ್ ಹೋಗೋವಾಗ ಹಡಗು ಅಲ್ಲಿ ಕಾಲು ಗಂಟೆ ಮಾತ್ರ ನಿಲ್ಲೋದು. ಕಾಲು ಗಂಟೇಲಿ ನಾನ್ ಏನ್ ನೋಡ್ಲಿ, ಅವಳೇನ್ ನೋಡ್ತಾಳೆ?" ಎಂದೆ.

ಬೋರ್ಗಿಲ್ಡ್ ನನ್ನ ಕೈಯಿಂದ ನಿನ್ನ ಕಾಗದ ತೆಗೆದುಕೊಂಡು ಪೂರ್ತಿ ಓದಿದಳು. ಮಡಿಸಿ ನನ್ನ ಚೀಲದಲ್ಲಿಟ್ಟಳು. "ನಿನ್ನೆ ಹದ್ದಾ ಅಂತ ಗೇಲಿ ಮಾಡಿದ್ನಲ್ಲೇ ನಾನು" ಎಂದಳು. ನನ್ನ ಪೆಟ್ಟಿಗೆಯನ್ನು ತಾನೇ ಎಳೆದುಕೊಂಡು ಮೆಟ್ಟಿಲಿಳಿದಳು. "ನಾರ್ತ್ ಕೇಪ್ ಎಲ್ಲೂ ಓಡಿಹೋಗಲ್ಲ. ಕಲ್ಲು ಅದು. ಹೋಗು ನೀನು!" ಡಾಗ್ನಿ ಅಳುತ್ತಾ ಬ್ರೆಡ್ಡಿನ ಪೊಟ್ಟಣವನ್ನು ನನ್ನ ಚೀಲಕ್ಕೆ ತುರುಕಿದಳು.

ಈಗ ಬಂದರಿನ ಬೆಂಚಿನ ಮೇಲೆ ಕುಳಿತಿದ್ದೇನೆ. ಈ ಕಾಗದವೂ ನಾನೂ ಒಂದೇ ಹಡಗಿನಲ್ಲಿ ಬರುತ್ತೇವೆ. ಮತ್ತೆ ಯಾಕೆ ಬರೆಯುತ್ತಿದ್ದೇನೆಂದು ಕೇಳಬೇಡ. ನನ್ನ ಬಗ್ಗೆ ನನಗೇ ನಂಬಿಕೆಯಿಲ್ಲ. ಸ್ಟೈನ್‌ವಾಗ್ ಬಂದಾಗ ಮತ್ತೆ ಸಂಕೋಚ ಹುಟ್ಟಿ ಕಟಕಟೆ ಹಿಡಿದು ನಿಂತುಬಿಟ್ಟರೆ, ಕಾಗದವಾದರೂ ಇಳಿಯಲಿ.

ತೋರುನ್


ಸ್ಟೈನ್‌ವಾಗ್, ೨೨ ಅಕ್ಟೋಬರ್ ೧೯೭೮

ತೋರುನ್,

ಇದನ್ನು ಬಡಗಿಯ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಸಾಲು ಸೊಟ್ಟ ಹೋದರೆ ನಗು, ನನಗೆ ಕಾಣುವುದಿಲ್ಲ. ಒಂದು ಹಾಳೆಗೆ ಆರೇಳು ಸಾಲು ಹಿಡಿಯುತ್ತದೆ. ಲಕೋಟೆ ದಪ್ಪಗಿದ್ದರೆ ವಿಷಯ ಬಹಳ ಎಂದು ಹೆದರಬೇಡ.

ಆಲೂಗಡ್ಡೆ ಅಗೆದಾಯಿತು. ಕಪ್ಪು ಮರಿಯನ್ನು ಉಳಿಸಿಕೊಂಡೆ. ಸೂರ್ಯ ಈಗ ಗುಡ್ಡದ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಾನೆ, ಇನ್ನು ತಿಂಗಳಲ್ಲಿ ಅದೂ ಇಲ್ಲ. ಮೊದಲೆಲ್ಲ ಕತ್ತಲಕಾಲಕ್ಕೆ ನಾನು ಅಂಜಿದವಳಲ್ಲ. ಈ ಸಲ ಅಂಜಿಕೆಯಾಗುತ್ತಿದೆ. ಜನವರಿಯಲ್ಲಿ ಊರಿಗೆಲ್ಲ ಬೆಳಕು ಮರಳಿದಾಗ ನನಗೆ ಮರಳುತ್ತದೆಯೇ ಎಂಬುದೇ ಯೋಚನೆ.

ಜೂನ್ ತಿಂಗಳನ್ನು ಮತ್ತೆ ಮತ್ತೆ ನೆನೆಯುತ್ತೇನೆ. ನೀನು ಬಾಗಿಲು ತಟ್ಟಲಿಲ್ಲ. ಪೆಟ್ಟಿಗೆ ನೆಲಕ್ಕೆ ತಾಗಿದ ಸದ್ದಿಗೇ ನೀನೆಂದು ತಿಳಿಯಿತು. "ಕಾಫಿ ಆರೋಗಿದೆ, ಬಿಸಿ ಮಾಡ್ಕೋ" ಎಂದುಬಿಟ್ಟೆ. ಮರುದಿನ ನಿನ್ನದೇ ಕಾಗದವನ್ನು ನಿನ್ನ ಕೈಯಲ್ಲೇ ಓದಿಸಿದೆ, ದಪ್ಪ ಅಕ್ಷರವನ್ನು ಹಂಗಿಸಿದ್ದ ಕಾಗದವನ್ನೂ ಬಿಡಲಿಲ್ಲ. ನೀನು ನಾಚಿ ನೀರಾದೆ. ಕಿಟಕಿಯ ಹತ್ತಿರ ಕೂರಿಸಿ ನೋಡಿದೆ. ಅಮ್ಮನ ಮೂಗು ನಿನಗೆ ಬಂದಿಲ್ಲ, ಅಪ್ಪನದು ಬಂದಿದೆ, ಪಾಪ. ಆದರೆ ನಗುವಾಗ ಅಮ್ಮನೇ. ಅಷ್ಟು ನೋಡಿಟ್ಟುಕೊಂಡಿದ್ದೇನೆ, ಕಣ್ಣು ಮುಚ್ಚಿದರೂ ಕಾಣುತ್ತದೆ.

ಹೊರಡುವ ದಿನ ನೀನು ಹೊಸಿಲಲ್ಲಿ ನಿಂತು, "ಒಂದ್ ಮಾತು ಕರದ್ರೆ ಚಳಿಗಾಲಕ್ಕೂ ಬರ್ತೀನಿ ಅಕ್ಕ" ಎಂದೆ. ನಾನು ಕುರಿ ನೋಡಲು ಹೋದೆ. ಕುರಿಗೆ ಏನೂ ಆಗಿರಲಿಲ್ಲ. ಕರೆದರೆ ನೀನು ಹೊರಗಿನವಳಾಗುತ್ತೀ ಎಂದು ನಾನು, ಕರೆಯದಿದ್ದರೆ ಹೊರಗಿನವಳು ಎಂದು ನೀನು. ಎತ್ತು ಏರಿಗೆ, ಕೋಣ ನೀರಿಗೆ. ಹೀಗೆಯೇ ಎಳೆದಾಡುತ್ತಾ ಇಬ್ಬರೂ ಮುದುಕಿಯರಾದೆವು.

ಆದ್ದರಿಂದ ಈ ಸಲ ನಾನೇ ಸೋಲುತ್ತೇನೆ. ಇದುವರೆಗೆ ಯಾರಿಗೂ ಬರೆಯದ ಮಾತನ್ನು ಬರೆಯುತ್ತಿದ್ದೇನೆ. ಪೂರ್ತಿ ಒಂದು ಹಾಳೆ ಅದಕ್ಕೇ ಇಟ್ಟಿದ್ದೇನೆ, ಮುಂದಿನ ಹಾಳೆ ನೋಡು.

ಬಾ.

ಬರೆದಾಯಿತು. ಸಾಯಲಿಲ್ಲ.

ಆದರೂ ಒಂದು ಆಸೆ ಉಳಿದಿದೆ, ಹೇಳಿಯೇಬಿಡುತ್ತೇನೆ. ಈ ಕಾಗದ ಬೆರ್ಗನ್ ಮುಟ್ಟಿದಾಗ ನಿನ್ನ ಬಾಗಿಲಿಗೆ ಬೀಗ ಬಿದ್ದಿರಲಿ.

ಹನ್ಸೀನಾ


ಬೆರ್ಗನ್, ೩೧ ಅಕ್ಟೋಬರ್ ೧೯೭೮

ಹನ್ಸೀನಾ ಅವರಿಗೆ,

ನಾನು ಬೋರ್ಗಿಲ್ಡ್, ನಿಮ್ಮ ಮನೆಯ ಮುಂದೆ ಹದ್ದು ಕೇಳಿದವಳು. ತೋರುನ್ ಮನೆಯ ಹೂಕುಂಡಗಳಿಗೆ ನೀರು ಹಾಕಲು ಇವತ್ತು ಹೋದಾಗ ನಿಮ್ಮ ಈ ಕಾಗದ ಬಾಗಿಲಡಿಯಲ್ಲಿ ಬಿದ್ದಿತ್ತು. ಒಡೆದಿಲ್ಲ, ನನ್ನ ಸ್ವಭಾವಕ್ಕೆ ಅದು ದೊಡ್ಡ ಮಾತು. ಹಾಗೆಯೇ ಲಕೋಟೆಯೊಳಗಿಟ್ಟು ಹಿಂದಕ್ಕೆ ಕಳಿಸುತ್ತಿದ್ದೇನೆ.

ಅವಳು ನಿನ್ನೆ ಹಡಗು ಹತ್ತಿದಳು. ಎರಡು ಪೆಟ್ಟಿಗೆ, ಉಣ್ಣೆಯ ನೂಲಿನ ಒಂದು ಮೂಟೆ, ಡಾಗ್ನಿ ಕಟ್ಟಿಕೊಟ್ಟ ಬ್ರೆಡ್ಡು. ಚಳಿಗಾಲ ಕಳೆಯುವವರೆಗೆ ಬರುವುದಿಲ್ಲವಂತೆ. ಹಡಗಿನ ಬುಡದವರೆಗೂ ನಾನು ವಾದಿಸಿದೆ. "ಅಲ್ವೇ, ನಿಮ್ಮಕ್ಕ ಒಂದ್ ಸಾಲಾದ್ರೂ ಬರ್ದಿದ್ದಾಳಾ? ಯಾರ್ ಕರದ್ರು ಅಂತ ಹೊರಟಿದ್ದೀಯಾ ಈ ಕತ್ತಲೇಲಿ?" ಎಂದೆ.

"ಯಾರೂ ಕರ್ದಿಲ್ಲ ಕಣೇ. ಕರೆಸ್ಕೊಂಡು ಹೋಗಕ್ಕೆ ನಾನೇನು ಪಾದ್ರೀನಾ?" ಎಂದು ನಕ್ಕು ಏಣಿ ಹತ್ತಿಬಿಟ್ಟಳು.

ಈ ಕಾಗದ ತಲುಪುವಷ್ಟರಲ್ಲಿ ಅವಳು ನಿಮ್ಮ ಅಡುಗೆಮನೆಯಲ್ಲಿ ಇರುತ್ತಾಳೆ. ನೀವು ಏನು ಬರೆದಿದ್ದೀರೋ ನನಗೆ ತಿಳಿಯದು. ಅವಳ ಕೈಯಲ್ಲೇ ಓದಿಸಿಕೊಳ್ಳಿ.

ಬೋರ್ಗಿಲ್ಡ್